ಈದ ಆಕಳ ಬೆದೆ

ನಮ್ಮ ಭಾಷೆಯಲ್ಲಿ 'ಬೆದೆ' ಎಂಬ ಒಂದು ಹಳೆಯ ಮಾತಿದೆ. ನಿಘಂಟನ್ನು ತೆರೆದರೆ ಅದಕ್ಕೆ ಎರಡು ಅರ್ಥಗಳು ಕಾಣುತ್ತವೆ. ಮಳೆ ಬಿದ್ದು, ನೆಲ ನೀರುಂಡು, ಬೀಜವನ್ನು ಒಡಲಿಗೆ ತೆಗೆದುಕೊಳ್ಳಲು ಹದವಾಗಿ ನಿಂತ ಸ್ಥಿತಿಗೆ ಬೆದೆಯೆಂದು ಹೆಸರು. ಹೆಣ್ಣು ಪಶು ಗರ್ಭವನ್ನು ಧರಿಸಲು ಸಿದ್ಧವಾದ ಸ್ಥಿತಿಗೂ ಅದೇ ಹೆಸರು. ಬಿತ್ತನೆಯ ಕಾಲವನ್ನು ಬೆದೆಗಾಲವೆಂದು ಕರೆದ ಒಕ್ಕಲಿಗನಿಗೆ ಹೊಲಕ್ಕೂ ಕೊಟ್ಟಿಗೆಗೂ ನಡುವೆ ಈ ವಿಷಯದಲ್ಲಿ ಭೇದ ತೋರಲಿಲ್ಲ. ನೆಲದ ಬೆದೆಯ ವಿಚಾರವಾಗಿ ನಮ್ಮಲ್ಲಿ ಬೇಕಾದಷ್ಟು ಗಾದೆಗಳಿವೆ, ಮಳೆ ನಕ್ಷತ್ರಗಳ ಲೆಕ್ಕವಿದೆ. ಇನ್ನೊಂದು ಬೆದೆಯ ವಿಚಾರವನ್ನು ಮಾತ್ರ ನಾಲ್ಕು ಜನರೆದುರು ಆಡಲು ನಾವು ಸ್ವಲ್ಪ ಸಂಕೋಚಪಡುತ್ತೇವೆ. ಬೆಳಗಿನ ಕಾಫಿಗೆ ಬೀಳುವ ಹಾಲು ಆ ಬೆದೆಯ ಫಲವೇ ಆಗಿರುವುದರಿಂದ ಪಟ್ಟಣದವರಾದ ನಾವು ಈ ಸಂಕೋಚವನ್ನು ಕೆಲ ನಿಮಿಷ ಬದಿಗಿಡಬಹುದೆಂದು ಭಾವಿಸುತ್ತೇನೆ.

ಯಡ್ರಾಮಿಯ ಹೆಸರನ್ನು ಸಾಹಿತ್ಯಪ್ರಿಯರೆಲ್ಲರೂ ಕೇಳಿರಲಾರರು. ಆದರೆ ಆ ಸೀಮೆಯ ಎರಡು ಊರುಗಳ ಹೆಸರನ್ನು ಕೇಳಿಯೇ ಇರುತ್ತಾರೆ. ತತ್ತ್ವಪದಗಳ ಮಡಿವಾಳಪ್ಪನವರ ಕಡಕೋಳ ಒಂದು. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಇನ್ನೊಂದು. ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಯಡ್ರಾಮಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಎಲ್ಲಿ ನೋಡಿದರೂ ಕರಿಯ ಎರೆನೆಲ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. ಬೇಸಿಗೆಯಲ್ಲಿ ಬಿಸಿಲು ೪೦ ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಎತ್ತನ್ನು ಬಹಳ ಗೌರವಿಸುವ ನಾಡಿದು. ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮನೆಮನೆಯ ಜಗಲಿಯ ಮೇಲೆ ಮಣ್ಣಿನ ಎತ್ತುಗಳ ಜೋಡಿ. ಆ ಎತ್ತನ್ನು ಹೆತ್ತ ಆಕಳ ಮಾತು ಅಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಅದು ಕೇಳಿಸುವ ಸ್ಥಳ ಪಶುಚಿಕಿತ್ಸಾಲಯದ ಅಂಗಳ. ಅಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಈದು ಐದು ತಿಂಗಳಾಯ್ತು ಸಾಹೇಬ್ರ, ಇನ್ನಾ ಬೆದಿಗಿ ಬಂದಿಲ್ಲ ನೋಡ್ರಿ."

"ಏನ್ ಹಾಕ್ತಿ ಯವ್ವಾ ಅದಕ?"

"ಕಣಕಿ ಹಾಕ್ತೀನ್ರಿ. ಹೊಟ್ಟು ಇದ್ದಾಗ ಹೊಟ್ಟು."

"ಮತ್ತ ಕರ?"

"ಹಗಲೆಲ್ಲಾ ತಾಯಿ ಕೂಡೇ ಇರ್ತದ್ರಿ. ಹೋರಿಗರ ಅದ, ನಾಳಿಗಿ ಎತ್ತಾಗೂದು. ಅದಕ್ಕ ಹಾಲು ಕಮ್ಮಿ ಮಾಡ್ಲಿಕ್ಕಿ ಮನಸ್ಸಾಗಲ್ರಿ."

ನಾನು ಇಂದು ಹೇಳಬೇಕಾದುದೆಲ್ಲ ಈ ನಾಲ್ಕು ಮಾತುಗಳಲ್ಲಿಯೇ ಅಡಗಿದೆ. ಆ ಹೆಣ್ಣುಮಗಳ ಆಕಳು ಬೆದೆಗೆ ಏಕೆ ಬಂದಿಲ್ಲ? ಅಥವಾ ಬಂದೂ ಅವಳಿಗೆ ಕಾಣಲಿಲ್ಲವೆ? ಈದ ಆಕಳು ಮತ್ತೆ ಗರ್ಭಕ್ಕೆ ಸಿದ್ಧವಾಗುವುದು ಎಂದಿಗೆ?

ಮೊದಲು ಲೆಕ್ಕವನ್ನು ನೋಡೋಣ. ಆಕಳು ಗಬ್ಬವನ್ನು ಹೊರುವುದು ಸುಮಾರು ೨೮೦ ದಿನ. ವರ್ಷಕ್ಕೊಂದು ಕರು ಎಂಬುದು ಆದರ್ಶವಾದರೆ ವರ್ಷದ ೩೬೫ ದಿನಗಳಲ್ಲಿ ಉಳಿಯುವುದು ೮೫ ದಿನ ಮಾತ್ರ. ಈ ೮೫ ದಿನಗಳೊಳಗೆ ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಬೇಕು, ಅಂಡಾಶಯ ಎಚ್ಚರಗೊಳ್ಳಬೇಕು, ಬೆದೆ ತೋರಬೇಕು, ಮನೆಯವರು ಅದನ್ನು ಕಾಣಬೇಕು, ಸಕಾಲದಲ್ಲಿ ಹೋರಿಯೋ ಅದರ ವೀರ್ಯವೋ ಒದಗಬೇಕು, ಗರ್ಭ ನಿಲ್ಲಬೇಕು. ಒಂದು ಬೆದೆ ತಪ್ಪಿತೆಂದರೆ ಮುಂದಿನದಕ್ಕೆ ೨೧ ದಿನ ಕಾಯಬೇಕು. ಆದ್ದರಿಂದ ೧೨ರಿಂದ ೧೩ ತಿಂಗಳಿಗೊಮ್ಮೆ ಈಯುವ ಆಕಳನ್ನು ಪಶುವೈದ್ಯರು ಉತ್ತಮವೆಂದು ಎಣಿಸುತ್ತಾರೆ. ನಮ್ಮ ನಾಡತಳಿಗಳಲ್ಲಿ ಈ ಅಂತರ ೧೪-೧೫ ತಿಂಗಳಾಗುವುದು ಸಾಮಾನ್ಯ. ಮೇವಿನ ಬರಗಾಲವಿರುವ ಮನೆಗಳಲ್ಲಿ ಒಂದೂವರೆ ವರ್ಷವನ್ನೂ ಮುಟ್ಟುತ್ತದೆ. ವರ್ಷಕ್ಕೊಮ್ಮೆ ಈದರೆ ಹತ್ತು ವರ್ಷದಲ್ಲಿ ಹತ್ತು ಕರುಗಳು. ಒಂದೂವರೆ ವರ್ಷಕ್ಕೊಮ್ಮೆ ಈದರೆ ಆರೋ ಏಳೋ. ನಡುವೆ ಹಾಲು ಬತ್ತಿದ ತಿಂಗಳುಗಳಲ್ಲಿಯೂ ಆಕಳು ಮೇವನ್ನು ತಿನ್ನುವುದು ಬಿಡುವುದಿಲ್ಲ. ಒಂದೋ ಎರಡೋ ಆಕಳನ್ನು ಕಟ್ಟಿಕೊಂಡು, ಹಾಲಿನ ಹಣದಿಂದ ಸಂತೆಯ ಖರ್ಚನ್ನೂ ಮಕ್ಕಳ ಪುಸ್ತಕದ ಖರ್ಚನ್ನೂ ತೂಗಿಸುವ ಮನೆಯಲ್ಲಿ ಈ ತಿಂಗಳುಗಳು ಹೇಗೆ ಕಳೆಯುತ್ತವೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಆಕಳ ಒಡಲೊಳಗೆ ನಡೆಯುವ ಕೆಲಸ. ಕರು ಹೊರಬಿದ್ದ ಗಳಿಗೆಯಲ್ಲಿ ಗರ್ಭಕೋಶದ ತೂಕವೇ ಒಂಬತ್ತು ಹತ್ತು ಕಿಲೋ ಇರುತ್ತದೆ. ಒಂದೂವರೆ ತಿಂಗಳು ಕಳೆಯುವುದರೊಳಗೆ ಅದು ಒಂದು ಕಿಲೋಗಿಂತ ಕಡಿಮೆಯಾಗಿ, ಹಿಡಿಯಷ್ಟಾಗಿ, ತನ್ನ ಹಳೆಯ ಜಾಗಕ್ಕೆ ಹೋಗಿ ಕೂರುತ್ತದೆ. ಇಷ್ಟು ಅಲ್ಪಕಾಲದಲ್ಲಿ ಇಷ್ಟು ಕುಗ್ಗುವ ಅಂಗ ಶರೀರದಲ್ಲಿ ಬೇರೊಂದಿಲ್ಲ. ಮೊದಲ ಹತ್ತು ಹದಿನೈದು ದಿನ ಕೆಂಪು-ಕಂದು ಬಣ್ಣದ ಸ್ರಾವ ಕಾಣುತ್ತದೆ, ಅದು ಸಹಜ. ಒಳಗಿನ ಪದರ ಹೊಸದಾಗಿ ಬೆಳೆಯುವುದಕ್ಕೆ ಇನ್ನೂ ಕೆಲವು ವಾರಗಳು ಬೇಕು. ಈ ಕಾರಣದಿಂದಲೇ ಈದ ಒಂದು ತಿಂಗಳಿಗೇ ಬೆದೆ ತೋರಿದ ಆಕಳಿಗೂ ಆಗಲೇ ಗರ್ಭಧಾರಣೆ ಮಾಡಿಸಬಾರದೆನ್ನುತ್ತಾರೆ. ೪೫ ದಿನವಾದರೂ, ಸಾಧ್ಯವಾದರೆ ೬೦ ದಿನ ಕಾದರೆ ಗರ್ಭ ನಿಲ್ಲುವ ಸಂಭವ ಹೆಚ್ಚು. ಮನೆ ಸುಡುವ ಆತುರದಲ್ಲಿಯೂ ನೆಲ ಆರಿದ ಮೇಲೆಯೇ ಹೊಸ ಗೋಡೆ ಏಳಬೇಕಲ್ಲವೆ?

ಗರ್ಭಕೋಶ ಹೀಗೆ ವಿಶ್ರಮಿಸುತ್ತಿರುವಾಗ ಅಂಡಾಶಯ ಸುಮ್ಮನಿರುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಅದು ನಿಜವಲ್ಲ. ಈದ ಒಂದೆರಡು ವಾರದೊಳಗೇ ಅಂಡಾಶಯದಲ್ಲಿ ಅಂಡವನ್ನೊಳಗೊಂಡ ಚಿಕ್ಕ ಚಿಕ್ಕ ಗುಳ್ಳೆಗಳು ಅಲೆಅಲೆಯಾಗಿ ಬೆಳೆಯತೊಡಗುತ್ತವೆ. ಒಂದು ದೊಡ್ಡದಾಗುತ್ತದೆ, ಉಳಿದವು ಮುರುಟುತ್ತವೆ. ಆ ದೊಡ್ಡ ಗುಳ್ಳೆ ಒಡೆದು ಅಂಡ ಹೊರಬರಬೇಕಾದರೆ ಮಿದುಳಿನಿಂದ ಅಪ್ಪಣೆ ಬರಬೇಕು. ಮಿದುಳಿನ ತಳದಲ್ಲಿ ಹುಟ್ಟುವ ಒಂದು ರಸದೂತ, ಅಂದರೆ ಹಾರ್ಮೋನು, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಮೆಲ್ಲಮೆಲ್ಲನೆ ತಟ್ಟುತ್ತದೆ; ಪಿಟ್ಯುಟರಿ ಗ್ರಂಥಿ ತನ್ನ ಪಾಲಿನ ರಸದೂತವನ್ನು ರಕ್ತದ ಮೂಲಕ ಅಂಡಾಶಯಕ್ಕೆ ಅಟ್ಟುತ್ತದೆ. ಈ ತಟ್ಟುವಿಕೆ ಗಂಟೆಗೊಮ್ಮೆಯಂತೆ ಒತ್ತೊತ್ತಾಗಿ ನಡೆದರೆ ಗುಳ್ಳೆ ಒಡೆಯುತ್ತದೆ. ನಾಲ್ಕಾರು ಗಂಟೆಗೊಮ್ಮೆ ಸೋಮಾರಿಯಾಗಿ ನಡೆದರೆ ಗುಳ್ಳೆ ಬೆಳೆದಷ್ಟೇ ಬೆಳೆದು ಮುರುಟುತ್ತದೆ. ಇನ್ನೊಂದು ಅಲೆ ಏಳುತ್ತದೆ, ಅದೂ ಮುರುಟುತ್ತದೆ. ಐದು ತಿಂಗಳಾದರೂ ಬೆದೆಗೆ ಬಾರದ ಆಕಳ ಅಂಡಾಶಯದಲ್ಲಿ ಅನೇಕ ವೇಳೆ ನಡೆಯುತ್ತಿರುವುದು ಇದೇ. ಯಂತ್ರ ಕೆಟ್ಟಿಲ್ಲ, ಅಪ್ಪಣೆ ಬಂದಿಲ್ಲ.

ಮಿದುಳಿನ ಆ ರಸದೂತವನ್ನು ಬೇರ್ಪಡಿಸಲು ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ಸ್ಪರ್ಧಿಸಿದ ಕಥೆ ಸ್ವಾರಸ್ಯವಾದದ್ದು. ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ರೋಜರ್ ಗೀಯ್ಮೆನ್ ಕಟುಕರಿಂದ ಕುರಿಯ ಮಿದುಳುಗಳನ್ನು ಲಕ್ಷಗಟ್ಟಲೆ ತರಿಸಿದರೆ ಆಂಡ್ರ್ಯೂ ಶಾಲಿ ಹಂದಿಯ ಮಿದುಳುಗಳನ್ನು ತರಿಸಿದರು. ೧೯೭೧ರಲ್ಲಿ ಅದರ ರಚನೆ ತಿಳಿಯಿತು. ೧೯೭೭ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಅದೇ ಪಾರಿತೋಷಕದಲ್ಲಿ ಅರ್ಧ ಪಾಲು, ರಕ್ತದಲ್ಲಿ ಅಣುಮಾತ್ರವಿರುವ ಹಾರ್ಮೋನನ್ನು ಅಳೆಯುವ ಉಪಾಯವನ್ನು ಕಂಡುಹಿಡಿದ ರೋಸಲಿನ್ ಯಾಲೊ ಅವರದು. ಈ ಉಪಾಯ ಹಾಲಿಗೂ ಅನ್ವಯಿಸಿತು. ಒಂದು ಬಟ್ಟಲು ಹಾಲನ್ನು ಪರೀಕ್ಷಿಸಿ ಆಕಳ ಅಂಡಾಶಯ ಎಚ್ಚರವಾಗಿದೆಯೋ ಇಲ್ಲವೋ ಎಂದು ಹೇಳುವುದು ೧೯೭೦ರ ದಶಕದಿಂದ ಸಾಧ್ಯವಾಯಿತು.

ಹಾಗೆ ಅಳೆದಾಗ ತಿಳಿದುಬಂದ ಒಂದು ವಿಚಾರವನ್ನು ಪ್ರತಿಯೊಬ್ಬ ಆಕಳ ಒಡೆಯನೂ ತಿಳಿಯಬೇಕು. ಈದ ಮೇಲೆ ಮೊದಲ ಸಲ ಅಂಡ ಬಿಡುಗಡೆಯಾದಾಗ ಬಹುಪಾಲು ಆಕಳುಗಳು ಬೆದೆಯ ಲಕ್ಷಣವನ್ನು ತೋರಿಸುವುದೇ ಇಲ್ಲ. ಬೆದೆಯ ನಡತೆ ಹುಟ್ಟುವುದು ಈಸ್ಟ್ರೋಜನ್ ಎಂಬ ಹಾರ್ಮೋನಿನಿಂದ. ಆದರೆ ಅದಕ್ಕಿಂತ ಮುಂಚೆ ಪ್ರೊಜೆಸ್ಟೆರಾನ್ ಎಂಬ ಇನ್ನೊಂದರ ಸಂಸ್ಕಾರ ಮಿದುಳಿಗೆ ಆಗಿರಬೇಕು. ಮೊದಲ ಸಲ ಆ ಸಂಸ್ಕಾರವಿರುವುದಿಲ್ಲ. ಅಂಡ ಮೌನವಾಗಿ ಬಂದು ಮೌನವಾಗಿ ಹೋಗುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಪ್ರೊಜೆಸ್ಟೆರಾನ್ ಒಸರುತ್ತದೆ. ಅನೇಕ ಆಕಳುಗಳಲ್ಲಿ ಈ ಮೊದಲ ಚಕ್ರ ಎಂಟು ಹತ್ತು ದಿನಕ್ಕೇ ಮುಗಿದು, ಎರಡನೆಯ ಸಲ ಬೆದೆ ಬಹಿರಂಗವಾಗುತ್ತದೆ. ಚೆನ್ನಾಗಿ ಮೇಯ್ದ, ಕರುವಿಲ್ಲದೆಯೇ ಹಾಲು ಕೊಡುವ ವಿದೇಶೀ ತಳಿಯ ಆಕಳುಗಳಲ್ಲಿ ಮೊದಲ ಮೌನ ಅಂಡಮೋಚನೆ ಮೂರು ನಾಲ್ಕು ವಾರಕ್ಕೇ ಆಗಿಬಿಡುವುದುಂಟು. ಕರುವಿಗೆ ಮೊಲೆಯೂಡುವ ನಮ್ಮ ನಾಡಾಕಳುಗಳಲ್ಲಿ ಎರಡರಿಂದ ನಾಲ್ಕು ತಿಂಗಳು, ಕೆಲವೊಮ್ಮೆ ಅದಕ್ಕೂ ಮಿಗಿಲು. ಈ ಅಂತರಕ್ಕೆ ತಳಿಯ ಗುಣ ಸ್ವಲ್ಪಮಟ್ಟಿಗೆ ಕಾರಣ. ಉಳಿದ ಎರಡು ದೊಡ್ಡ ಕಾರಣಗಳು ಆ ಹೆಣ್ಣುಮಗಳ ಬಾಯಿಂದಲೇ ಬಂದಿವೆ: ಕಣಕಿ ಮತ್ತು ಕರು.

ಕಣಕಿಯೆಂದರೆ ಜೋಳದ ದಂಟಿನ ಒಣಮೇವು. ಬೀದರಿನಿಂದ ವಿಜಯಪುರದವರೆಗಿನ ದನಕರುಗಳನ್ನು ಬೇಸಿಗೆಯಲ್ಲಿ ಬದುಕಿಸಿ ಉಳಿಸುವುದು ಅದೇ. ಅದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದು ಹೊಟ್ಟೆ ತುಂಬಿಸಿದಷ್ಟು ಒಡಲನ್ನು ತುಂಬಿಸಲಾರದು. ಅದರಲ್ಲಿರುವ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು. ರಂಜಕ, ಅಂದರೆ ಫಾಸ್ಫರಸ್, ಅತ್ಯಲ್ಪ. ಈದ ಆಕಳ ಹಾಲು ದಿನದಿಂದ ದಿನಕ್ಕೆ ಏರುತ್ತ ನಾಲ್ಕರಿಂದ ಎಂಟನೆಯ ವಾರದೊಳಗೆ ಶಿಖರವನ್ನು ಮುಟ್ಟುತ್ತದೆ. ಅದರ ಹಸಿವು ಮಾತ್ರ ಅಷ್ಟು ಬೇಗ ಏರುವುದಿಲ್ಲ. ಅದು ತುಂಬ ತಿನ್ನತೊಡಗುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಹೀಗಾಗಿ ಮೊದಲ ವಾರಗಳಲ್ಲಿ ಬರುವ ಆದಾಯಕ್ಕಿಂತ ಹೋಗುವ ವೆಚ್ಚ ಹೆಚ್ಚು. ಆಕಳು ತನ್ನ ಮೈಯ ಕೊಬ್ಬನ್ನು ಕರಗಿಸಿ, ಬಳಿಕ ಮಾಂಸವನ್ನೂ ಕರಗಿಸಿ ಹಾಲಾಗಿ ಕೊಡುತ್ತದೆ. ಎಷ್ಟೇ ಉಣಿಸಿದರೂ ಈ ಸಾಲದ ಕಾಲ ತಪ್ಪಿದ್ದಲ್ಲ. ಈಯುವ ಮುನ್ನ ಮೈಯಲ್ಲಿ ಒಂದಿಷ್ಟು ಗಂಟಿದ್ದ ಆಕಳು ಅದನ್ನು ದಾಟುತ್ತದೆ, ಬರಿಗೈಯವಳು ದಾಟುವುದಿಲ್ಲ.

ಆಗ ಮಿದುಳು ಒಂದು ತೀರ್ಮಾನಕ್ಕೆ ಬರುತ್ತದೆ. ರಕ್ತದಲ್ಲಿ ಸಕ್ಕರೆ ಕಡಿಮೆ, ಇನ್ಸುಲಿನ್ ಕಡಿಮೆ, ಕೊಬ್ಬು ಕರಗುತ್ತಿರುವ ಸುಳಿವು ಸ್ಪಷ್ಟ. ಮನೆಯಲ್ಲಿ ಅಕ್ಕಿಯಿಲ್ಲದಾಗ ನೆಂಟರನ್ನು ಕರೆಯಬಾರದೆಂಬ ವಿವೇಕ ಆ ಮೂಕಪ್ರಾಣಿಯ ನರಗಳಲ್ಲಿದೆ. ಅಪ್ಪಣೆ ನಿಲ್ಲುತ್ತದೆ. ಇದನ್ನು ರೋಗವೆಂದು ಕರೆಯಲು ನನಗೆ ಮನಸ್ಸಾಗದು. ಇಂಥ ಆಕಳನ್ನು 'ಗೊಡ್ಡು' ಎಂದು ಜರೆಯುವುದು ನಮ್ಮ ರೂಢಿ. ಹೆಣ್ಣನ್ನು ಜರೆಯುವ ನುಡಿಯೂ ಅದೇ ಆಗಿದೆಯೆಂಬುದನ್ನು ಇಲ್ಲಿ ನೆನೆಯದಿರಲಾರೆ. ಎರಡು ಕಡೆಯೂ ಹಸಿವಿನ ತಪ್ಪನ್ನು ಹಸಿದವಳ ಮೇಲೆ ಹೊರಿಸುವುದೇ ಹೆಚ್ಚು.

ಪಶುವೈದ್ಯರು ಆಕಳ ಮೈಯನ್ನು ನೋಡಿ ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಪಕ್ಕೆಲುಬು, ಸೊಂಟದ ಮೂಳೆ, ಬಾಲದ ಬುಡದ ಕುಳಿ, ಇವು ಎದ್ದು ಕಾಣುವ ಆಕಳಿಗೆ ಒಂದು ಅಥವಾ ಎರಡು. ಕೊಬ್ಬಿ ದುಂಡಗಾದದ್ದಕ್ಕೆ ಐದು. ಈಯುವ ಹೊತ್ತಿಗೆ ಮೂರರ ಆಸುಪಾಸಿನಲ್ಲಿರುವ ಆಕಳು ಬೇಗ ಬೆದೆಗೆ ಬರುತ್ತದೆ. ಆದ್ದರಿಂದ ಮುಂದಿನ ಬೆದೆಗೆ ಉಣಿಸಬೇಕಾದ ಕಾಲ ಈದ ಮೇಲಿನದಲ್ಲ, ಈಯುವುದಕ್ಕೆ ಮುಂಚಿನ ಎರಡು ತಿಂಗಳು. ಆದರೆ ನಮ್ಮಲ್ಲಿ ಆಗುವುದು ತಲೆಕೆಳಗು. ಹಾಲು ಕೊಡದ ಗಬ್ಬದ ಆಕಳಿಗೆ ಹಿಂಡಿ ಏಕೆ ದಂಡ ಎಂದು ಬರಿ ಕಣಕಿಯ ಮೇಲೆ ಬಿಡುತ್ತಾರೆ. ಈದ ಮರುದಿನದಿಂದ ಹಿಂಡಿ ಶುರುವಾಗುತ್ತದೆ. ಶೇಂಗಾ ಹಿಂಡಿಯೋ ಕುಸುಬಿ ಹಿಂಡಿಯೋ ದಿನಕ್ಕೆ ಒಂದು ಕಿಲೋ, ತೊಗರಿಯ ಹೊಟ್ಟು, ದಿನಕ್ಕೆ ೩೦ರಿಂದ ೫೦ ಗ್ರಾಂ ಖನಿಜ ಮಿಶ್ರಣ, ಬಾವಿಯ ದಂಡೆಯಲ್ಲಿ ನಾಲ್ಕು ಸಾಲು ಹಸಿ ಮೇವು, ಇವನ್ನು ಕೊನೆಯ ಎರಡು ತಿಂಗಳಿಗೆ ಹಿಂದೆ ತಳ್ಳಿದರೆ ಅದೇ ಹಣ ಹೆಚ್ಚು ಕೆಲಸ ಮಾಡುತ್ತದೆ. ಎಳೆಯ ಜೋಳದ ಹಸಿ ಪೈರನ್ನು ಮಾತ್ರ ಕೊಡಬಾರದು, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ್ದನ್ನು. ಅದರಲ್ಲಿ ಸಯನೈಡು ಹುಟ್ಟಿ ದನ ಸಾಯುವುದು ಆ ಸೀಮೆಯ ರೈತರಿಗೆ ಗೊತ್ತಿರುವ ವಿಚಾರವೇ.

ಎರಡನೆಯದು ಕರು. ಈ ಭಾಗ ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗನ್ನು ತಂದದ್ದು.

ಮೊಲೆಯೂಡುವ ತಾಯಿ ಬೆದೆಗೆ ಬರುವುದು ತಡವೆಂಬುದು ಹಳೆಯ ತಿಳಿವಳಿಕೆ. ಕೆಚ್ಚಲನ್ನು ಕರು ಚೀಪುವುದರಿಂದ ಅಲ್ಲಿನ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸಿ ಅಪ್ಪಣೆಯನ್ನು ತಡೆಯುತ್ತವೆಂದು ಎಲ್ಲರೂ ನಂಬಿದ್ದರು. ೧೯೯೦ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. ಕೆಚ್ಚಲಿನ ನರಗಳನ್ನು ಕಡಿದರೂ ತಡೆ ಹೋಗಲಿಲ್ಲ. ತನ್ನ ಕರುವನ್ನು ಬೇರೆ ಮಾಡಿ ಪರರ ಕರುವನ್ನು ಊಡಿಸಿದಾಗ, ಆ ಕರು ಎಷ್ಟು ಚೀಪಿದರೂ, ತಡೆ ಹೋಯಿತು. ತಾಯಿಯ ಕಣ್ಣನ್ನಷ್ಟೇ ಮರೆಮಾಡಿದರೆ ವಾಸನೆಯಿಂದ ಅದು ತನ್ನ ಕರುವನ್ನು ಗುರುತಿಸಿತು. ವಾಸನೆಯನ್ನಷ್ಟೇ ತಡೆದರೆ ಕಣ್ಣಿನಿಂದ ಗುರುತಿಸಿತು. ಎರಡನ್ನೂ ಇಲ್ಲವಾಗಿಸಿದಾಗ ತನ್ನ ಕರುವೇ ಚೀಪುತ್ತಿದ್ದರೂ ಅಂಡಾಶಯ ಎಚ್ಚೆತ್ತಿತು. ಎಂದರೆ ತಡೆ ಇರುವುದು ಕೆಚ್ಚಲಿನಲ್ಲಲ್ಲ. 'ಇದು ನನ್ನದು' ಎಂಬ ಅರಿವಿನಲ್ಲಿ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯೆದುರು ಬೇಡಿದ್ದು ಕರುವಿಗೆ ಕೊನೆಯ ಸಲ ಹಾಲೂಡಿಸಿ ಬರುವ ಅವಧಿಯನ್ನು. ಆ ಕಥೆ ಹೇಳಿದ ಜನಪದ ಕವಿಗೆ ಹಾರ್ಮೋನಿನ ವಿಷಯ ತಿಳಿದಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಈ ಜ್ಞಾನವನ್ನು ಯಡ್ರಾಮಿಯ ಕೊಟ್ಟಿಗೆಗೆ ತಂದಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ಕಲಬುರಗಿ-ಬೀದರ ಜಿಲ್ಲೆಗಳ ಹೆಮ್ಮೆಯ ತಳಿ ದೇವಣಿ. ಹಾಲಿಗೂ ಆದೀತು, ಅದರ ಹೋರಿಗರು ನೇಗಿಲಿಗೂ ಆದೀತು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ದೇವಣಿ ಎಂಬ ಊರಿನಿಂದ ಆ ಹೆಸರು ಬಂದಿದೆ. ದೇವಣಿಯೇ ಮೊದಲಾದ ನಾಡಾಕಳುಗಳು ಕರುವಿನ ಮುಖ ಕಾಣದೆ, ಅದರ ಬಾಯಿ ತಾಗದೆ ಹಾಲು ಸೊರೆಯವು. ಕರುವನ್ನು ಹುಟ್ಟಿದೊಡನೆ ಬೇರೆ ಕಟ್ಟಿದರೆ ಬೆದೆ ಬೇಗ ಬಂದೀತು, ಹಾಲು ಇಂಗಿಹೋದೀತು. ಕರುವನ್ನು ಹಗಲೆಲ್ಲ ಬಿಟ್ಟರೆ ಹಾಲು ಬಂದೀತು, ಬೆದೆ ದೂರವಾದೀತು. ಇದಕ್ಕೆ ಒಂದು ನಡುದಾರಿಯಿದೆ. ಮೊದಲ ದಿನಗಳಲ್ಲಿ ಗಿಣ್ಣದ ಹಾಲನ್ನು ಕರುವಿಗೆ ಹೊಟ್ಟೆ ತುಂಬ ಕುಡಿಸಿ, ತಿಂಗಳೊಪ್ಪತ್ತು ಕಳೆದ ಮೇಲೆ ಅದನ್ನು ತಾಯಿಗೆ ಕಾಣದ ಜಾಗದಲ್ಲಿ ಕಟ್ಟಿ, ಬೆಳಗು ಬೈಗು ಹಿಂಡುವ ಹೊತ್ತಿಗೆ ಮಾತ್ರ ಬಿಡುವುದು. ದಿನಕ್ಕೆ ಎರಡು ಸಲ ಊಡಿದರೆ ತಡೆ ಬಹಳ ಸಡಿಲವಾಗುತ್ತದೆ. ಹಟ ಹಿಡಿದ ಆಕಳಲ್ಲಿ ಎರಡು ದಿನ ಕರುವನ್ನು ಪೂರ್ತಿಯಾಗಿ ಅಗಲಿಸಿಟ್ಟು ಬೆದೆ ತರಿಸುವುದುಂಟು. ಆದರೆ ಆ ಎರಡು ದಿನ ಕರುವಿಗೆ ಬೇರೆ ಹಾಲು ಕುಡಿಸುವ ಏರ್ಪಾಡಿರಬೇಕು. ಬೆದೆ ತರಿಸುವ ನೆಪದಲ್ಲಿ ಕರುವಿನ ಪಾಲಿನ ಹಾಲು ಮಾರಾಟಕ್ಕೆ ಹೋಗುವ ಮನೆಗಳೂ ಇವೆ. ವಿಜ್ಞಾನದ ಹೆಸರಿನಲ್ಲಿ ನಡೆದರೂ ಅದು ಅನ್ಯಾಯವೇ. ಆ ಹೆಣ್ಣುಮಗಳಿಗೆ ಹೋರಿಗರದ ಮೇಲಿದ್ದ ಮಮತೆಯನ್ನು ನಾನು ಅಜ್ಞಾನವೆಂದು ಎಣಿಸಲಾರೆ.

ಇನ್ನು ಬೆದೆ ಬಂದಿದೆಯೆಂದೇ ಇಟ್ಟುಕೊಳ್ಳೋಣ. ಕಾಣುವವರು ಯಾರು? ಹಿಂದೆ ಊರಿನ ದನಗಳೆಲ್ಲ ಒಂದು ಹಿಂಡಾಗಿ ದನಗಾಹಿಯೊಡನೆ ಮೇಯಲು ಹೋಗುತ್ತಿದ್ದವು. ಹಿಂಡಿನಲ್ಲಿ ಹೋರಿಯೂ ಇರುತ್ತಿತ್ತು. ಬೆದೆಯನ್ನು ಗುರುತಿಸುವ ಕೆಲಸ ಹೋರಿಯದಾಗಿತ್ತು, ಅದು ತಪ್ಪುತ್ತಿರಲಿಲ್ಲ. ಅಷ್ಟೇ ಅಲ್ಲ, ಹೋರಿಯ ಸನ್ನಿಧಿಯೇ ಈದ ಆಕಳನ್ನು ಬೇಗ ಬೆದೆಗೆ ತರುತ್ತದೆಂದು ಈಗ ಪ್ರಯೋಗಗಳಿಂದ ಸಿದ್ಧವಾಗಿದೆ. ಗೋಮಾಳಗಳು ಕರಗಿ, ಆಕಳು ಮನೆಯ ಗೂಟಕ್ಕೆ ಒಂಟಿಯಾಗಿ ಕಟ್ಟಿಸಿಕೊಂಡ ಮೇಲೆ ಆ ಕೆಲಸ ಮನುಷ್ಯನ ಕಣ್ಣಿಗೆ ಬಿತ್ತು. ಆಕಳು ಬೆದೆಯಲ್ಲಿರುವುದು ಹನ್ನೆರಡರಿಂದ ಹದಿನೆಂಟು ಗಂಟೆ. ನಾಡಾಕಳುಗಳಲ್ಲಿ ಇನ್ನೂ ಕಡಿಮೆ. ಅದರಲ್ಲಿಯೂ ಬಹುಭಾಗ ರಾತ್ರಿ ಮತ್ತು ನಸುಕಿನಲ್ಲಿ. ಬೇರೊಂದು ದನ ಮೈಮೇಲೆ ಏರಿದಾಗ ಕದಲದೆ ನಿಲ್ಲುವುದೇ ಬೆದೆಯ ನಿಶ್ಚಿತ ಲಕ್ಷಣ. ಒಂಟಿ ಆಕಳಿಗೆ ಅದನ್ನು ತೋರಿಸಲು ಜೊತೆಯೇ ಇಲ್ಲ. ಉಳಿಯುವುದು ಚಿಕ್ಕಪುಟ್ಟ ಸುಳಿವುಗಳು: ಒದರುವುದು, ಮೇವಿನಲ್ಲಿ ಲಕ್ಷ್ಯವಿಲ್ಲದಿರುವುದು, ಹಾಲು ಏಕಾಏಕಿ ಕಡಿಮೆಯಾಗುವುದು, ಪದೇ ಪದೇ ಗಂಜಲ ಹೊಯ್ಯುವುದು, ಬಾಲದ ಬುಡದಿಂದ ಗಾಜಿನೆಳೆಯಂಥ ತಿಳಿಲೋಳೆ ಇಳಿಯುವುದು. ಇವನ್ನು ಕಾಣುವವರು ನಸುಕಿನಲ್ಲಿ ಎದ್ದು ಸೆಗಣಿ ಬಾಚುವ ಹೆಣ್ಣುಮಕ್ಕಳು. ಮಲಗಿದ್ದ ಆಕಳು ಎದ್ದ ಜಾಗದಲ್ಲಿ ಲೋಳೆ ಮಿನುಗಿದ್ದನ್ನು ಅವರು ಕಂಡು ಹೇಳಿದರೂ, ಗಂಡಸರು ಸಂತೆ ಮುಗಿಸಿ ಸಂಜೆಗೆ ಬಂದು ಕೇಳುವ ಹೊತ್ತಿಗೆ ವೇಳೆ ಮೀರಿರುತ್ತದೆ. ಬೆದೆ ಕಳೆದ ಎರಡು ಮೂರು ದಿನಕ್ಕೆ ಬಾಲಕ್ಕೆ ಸ್ವಲ್ಪ ರಕ್ತ ಅಂಟಿರುವುದುಂಟು. ಅದನ್ನು ಕಂಡವರು ಗಾಬರಿಯಾಗಬೇಕಾಗಿಲ್ಲ. ಬೆದೆ ಬಂದು ಹೋಯಿತೆಂದು ತಿಳಿದು, ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ, ಅಂದಿನಿಂದ ಹದಿನೆಂಟನೆಯ ದಿನದ ಸುಮಾರಿಗೆ ಕಣ್ಣಿಟ್ಟು ಕಾಯಬೇಕು.

ಗರ್ಭಧಾರಣೆಯ ಗಳಿಗೆಯನ್ನು ಕುರಿತ ನಿಯಮ ಸರಳವಾದುದು. ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬುವರು ೧೯೪೦ರ ದಶಕದಲ್ಲಿ ನೂರಾರು ಆಕಳುಗಳನ್ನು ಗಮನಿಸಿ ಅದನ್ನು ಸ್ಥಾಪಿಸಿದರು. ಅಂಡ ಹೊರಬರುವುದು ಬೆದೆ ಮುಗಿದು ಹತ್ತು ಹನ್ನೆರಡು ಗಂಟೆಯಾದ ಮೇಲೆ. ಬಂದ ಅಂಡ ಬದುಕುವುದು ಕೆಲವೇ ಗಂಟೆ. ಆದ್ದರಿಂದ ಬೆಳಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ನಮ್ಮ ನಾಡಿನಲ್ಲಿಯೇ ಎಂಬುದನ್ನು ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ೧೯೩೯ರಲ್ಲಿ ಮೈಸೂರಿನ ಅರಮನೆಯ ಹೈನಶಾಲೆಯಲ್ಲಿ ಸಂಪತ್ ಕುಮಾರನ್ ಎಂಬ ಪಶುವೈದ್ಯರು ಹಳ್ಳಿಕಾರ್ ಆಕಳುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯವನ್ನು ಬಳಸಿ ಅದನ್ನು ಮಾಡಿದರು. ಇಂದು ಶೂನ್ಯಕ್ಕಿಂತ ೧೯೬ ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದ್ದಿಟ್ಟ ವೀರ್ಯದ ಕಡ್ಡಿ ಪಾತ್ರೆಯಲ್ಲಿ ಕುಳಿತು ಹಳ್ಳಿಹಳ್ಳಿಗೆ ಪ್ರಯಾಣ ಮಾಡುತ್ತದೆ. ಕಡ್ಡಿ ಊರಿಗೆ ಬರುತ್ತದೆ. ಬೆದೆಯನ್ನು ಕಾಣುವ ಕಣ್ಣನ್ನು ಅದು ತರಲಾರದು.

ಎಮ್ಮೆಯ ವಿಷಯ ಇನ್ನೂ ಕಠಿಣ. ಅದು ಗಬ್ಬ ಹೊರುವುದು ಹತ್ತು ತಿಂಗಳು ಹತ್ತು ದಿನ. ಬಿಸಿಲಿನ ದಿನಗಳಲ್ಲಿ ಅದರ ಬೆದೆ ಮೌನವಾಗಿಬಿಡುತ್ತದೆ. ಹಗಲು ಕುಗ್ಗುವ ಕಾಲದಲ್ಲಿ, ಮಳೆಗಾಲದ ಕೊನೆಯಿಂದ ಚ‌ಳಿಗಾಲದವರೆಗೆ, ಮತ್ತೆ ಬಾಯಿ ಬಿಡುತ್ತದೆ. ಬೇಸಿಗೆಯ ಮೊದಲಲ್ಲಿ ಈದ ಎಮ್ಮೆ ದಸರೆ ದೀಪಾವಳಿಯವರೆಗೂ ಸುಮ್ಮನಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ನೆರಳು, ದಿನಕ್ಕೆರಡು ಸಲ ಮೈಗೆ ನೀರು, ರಾತ್ರಿಯ ಹೊತ್ತು ಮೇವು, ಇಷ್ಟು ಮಾಡಿದರೆ ಕೆಲವು ವಾರಗಳನ್ನಾದರೂ ಗಳಿಸಬಹುದು.

ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಬಾರದು. ಈದ ಮೇಲೆ ಮಾಸು ಹನ್ನೆರಡು ಗಂಟೆಯೊಳಗೆ ಬೀಳಬೇಕು. ಒಂದು ದಿನವಾದರೂ ಬೀಳದಿದ್ದರೆ ಗರ್ಭಕೋಶಕ್ಕೆ ನಂಜು ತಗುಲಿ ಬೆದೆ ತಿಂಗಳುಗಟ್ಟಲೆ ಹಿಂದೆ ಸರಿಯುತ್ತದೆ. ಜೋತುಬಿದ್ದ ಮಾಸಿಗೆ ಕಲ್ಲನ್ನೋ ಹಳೆಯ ಕೆರವನ್ನೋ ಕಟ್ಟುವ ರೂಢಿ ಇನ್ನೂ ಅಳಿದಿಲ್ಲ. ಅದರಿಂದ ಒಳಪದರ ಹರಿಯುತ್ತದೆ. ಕೈ ಹಾಕಿ ಎಳೆದು ತೆಗೆಯುವುದೂ ಲೇಸಲ್ಲವೆಂದು ಈಗಿನ ವೈದ್ಯರ ಮತ. ಗಬ್ಬ ಏಳೆಂಟು ತಿಂಗಳಿಗೇ ಕಂದುಹಾಕಿ ಮಾಸು ಬೀಳದಿದ್ದರಂತೂ ಬ್ರೂಸೆಲ್ಲೋಸಿಸ್ ಎಂಬ ರೋಗದ ಸಂಶಯವಿರಬೇಕು. ಡೇವಿಡ್ ಬ್ರೂಸ್ ೧೮೮೭ರಲ್ಲಿ ಮಾಲ್ಟಾ ದ್ವೀಪದಲ್ಲಿ ಸೈನಿಕರ ಏರಿಳಿಯುವ ಜ್ವರದ ಬೆನ್ನುಹತ್ತಿ ಈ ರೋಗಾಣುವನ್ನು ಕಂಡರು. ಹತ್ತು ವರ್ಷದ ಬಳಿಕ ಡೆನ್ಮಾರ್ಕಿನ ಬ್ಯಾಂಗ್ ಅದರ ಬಂಧುವನ್ನು ಆಕಳಲ್ಲಿ ಕಂಡರು. ಬರಿಗೈಯಿಂದ ಮಾಸನ್ನು ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಅದು ಅಂಟುತ್ತದೆ. ತಿಂಗಳುಗಟ್ಟಲೆ ಜ್ವರ, ಕೀಲುನೋವು. ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಇದರ ಲಸಿಕೆ ಹಾಕುವ ಏರ್ಪಾಡಿದೆ. ಜೀವನದಲ್ಲಿ ಒಂದೇ ಸಲ ಹಾಕಿಸಬೇಕಾದ ಲಸಿಕೆಯಿದು.

ಬೆದೆ ತರಿಸುವ ಔಷಧಗಳ ವಿಚಾರವನ್ನು ಕೊನೆಗಿಟ್ಟದ್ದು ಬೇಕೆಂದೇ. ಪ್ರೊಜೆಸ್ಟೆರಾನನ್ನು ಒಸರುವ ಸಾಧನವನ್ನು ಏಳೆಂಟು ದಿನ ಒಳಗಿರಿಸಿ ತೆಗೆಯುವುದು, ಶಾಲಿ-ಗೀಯ್ಮೆನ್ನರ ರಸದೂತವನ್ನೇ ಸೂಜಿಯಿಂದ ಕೊಡುವುದು, ಇವೆಲ್ಲ ಈಗ ಬಳಕೆಯಲ್ಲಿವೆ; ತಕ್ಕ ಆಕಳಿಗೆ ತಕ್ಕ ಹೊತ್ತಿನಲ್ಲಿ ಕೊಟ್ಟರೆ ಫಲಿಸುತ್ತವೆ. ಆದರೆ ಮೈಯಲ್ಲಿ ಎಲುಬೇ ಉಳಿದಿರುವ ಆಕಳಿಗೆ ಇವನ್ನು ಕೊಟ್ಟರೆ ಬೆದೆಯ ನಟನೆ ಕಂಡೀತು, ಗರ್ಭ ನಿಲ್ಲಲಾರದು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದಿ ಬರುವ ತರುಣ ವೈದ್ಯರು ಸೂಜಿಗೆ ಮೊದಲು ಮೇವನ್ನು ವಿಚಾರಿಸುವುದನ್ನು ಕಂಡಾಗ ಸಮಾಧಾನವಾಗುತ್ತದೆ.

ಆ ಅಂಗಳದ ಸಾಹೇಬರು ಆಕಳ ಗರ್ಭಕೋಶವನ್ನೂ ಅಂಡಾಶಯವನ್ನೂ ಕೈಯಿಂದ ಪರೀಕ್ಷಿಸಿ ನೋಡಿ ಆ ತಾಯಿಗೆ ಹೇಳುವುದು ಸಾಮಾನ್ಯವಾಗಿ ಇಷ್ಟೇ:

"ರೋಗ ಏನೂ ಇಲ್ಲ ಯವ್ವಾ. ಹಸಿವಿ ಅದ. ದಿನಾ ಒಂದ್ ಕಿಲೋ ಹಿಂಡಿ, ಈ ಪುಡಿ ಒಂದ್ ಮುಟಗಿ. ಕರ ಒಳಗ ಕಟ್ಟು, ಹಿಂಡೋ ಮುಂದ ಬಿಡು. ಮುಂಜಾನಿ ಎದ್ದ ಕೂಡ್ಲೆ ಬಾಲ ನೋಡು. ಲೋಳಿ ಕಂಡ ದಿನಾನೇ ಸಂಜಿಮುಂದ ಕರಕೊಂಡ ಬಾ. ನಾಳಿ ಬರ್ತೀನಿ ಅನಬ್ಯಾಡ."

"ಬೆಲ್ಲಾ ತಿನಸಬೇಕೇನ್ರಿ ಸಾಹೇಬ್ರ?"

"ಬೆಲ್ಲ ನೀ ತಿನ್ನು. ಅದಕ ಹಿಂಡಿ ಹಾಕು."